ಕೆ.ಸಿ. ವ್ಯಾಲಿ ನೀರು ಬಂತು, ಬೋರ್‌ಗಳೂ ಚೇತರಿಸಿಕೊಂಡವು. ಇನ್ನು ಈ ನೀರಿಗೆ ಲೆಕ್ಕ ಇಡೋರು ಯಾರು?

ವೇಮಗಲ್ ಬಯಲು

ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ದಯವಿಟ್ಟು ಓದಿ, ನಿಮ್ಮ ನಿಮ್ಮ ಊರಿನ ಪರಿಸ್ಥಿತಿ ಬರೆಯಿರಿ. ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಕೆರೆ ನೀರಿನ ವಿಷಯ ಚರ್ಚೆಗೆ ಇಡಿಸಬೇಕು ಅಂತ ನಾವು ಕೆಲವರು ಓಡಾಡ್ತಿದ್ದೀವಿ. ಅಲ್ಲಿ ಎದ್ದು ನಿಂತು ಏನು ಕೇಳಬೇಕು ಅನ್ನೋದು ಮೊದಲು ನಮಗೇ ಸ್ಪಷ್ಟ ಆಗಬೇಕು.

ಹಿನ್ನೆಲೆ ಎಲ್ಲರಿಗೂ ಗೊತ್ತಿರೋದೇ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಅದೇ ಕೆ.ಸಿ. ವ್ಯಾಲಿ) ಕೊಳಚೆ ನೀರನ್ನು ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ನಮ್ಮ ಜಿಲ್ಲೆ ಮತ್ತು ಚಿಂತಾಮಣಿ ಕಡೆಯ 126 ಕೆರೆ ತುಂಬಿಸೋದು ಯೋಜನೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನಿಂದಲೂ ತಡೆ ಬಂದು, ಆಮೇಲೆ ಅದು ತೆರವಾಗಿ ನೀರು ಮತ್ತೆ ಹರಿಯಿತು.

ಈಗ ಕೆರೆ ಪಕ್ಕದ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ. ವರ್ಷಗಟ್ಟಲೆ ಒಣಗಿ, ಕಸ ಸುರಿಯೋ ಗುಂಡಿ ಆಗಿದ್ದ ತೆರೆದ ಬಾವಿಗಳಲ್ಲೂ ನೀರು ಕಾಣ್ತಿದೆ. ಅದರ ಬೆನ್ನಲ್ಲೇ ಬೋರ್ ಲಾರಿಗಳೂ ಬಂದಿವೆ. ಕೆರೆಗೆ ನೇರವಾಗಿ ಮೋಟಾರ್ ಇಡಬಾರದು ಅನ್ನೋ ನಿಯಮ ಇದೆ, ಸರಿ. ಏರಿ ಕೆಳಗೆ ನಾಲ್ಕು ಹೆಜ್ಜೆ ದೂರದಲ್ಲಿ ಬೋರ್ ಕೊರೆದು ಎತ್ತಿದರೆ ಅದೂ ಕೆರೆ ನೀರೇ ತಾನೆ? ಈ ವೇಗದಲ್ಲಿ ಹೋದರೆ ಇನ್ನು ಹತ್ತು ವರ್ಷಕ್ಕೆ ಕೆರೆ ತುಂಬಿರುತ್ತೆ, ನೆಲದೊಳಗೆ ಮಾತ್ರ ಏನೂ ಇರಲ್ಲ ಅನ್ನೋ ಭಯ ನನಗೆ.

ನೀರಿನ ಗುಣಮಟ್ಟದ ಬಗ್ಗೆ ನಿಜವಾಗಿ ತಿಳಿದವರು ಯಾರಾದರೂ ಹೇಳಿ. ಮತ್ತೆ, ಈ ನೀರನ್ನು ಎಷ್ಟು ಬಳಸಬೇಕು, ಯಾರು ಬಳಸಬೇಕು ಅನ್ನೋದಕ್ಕೆ ಊರೇ ಕೂತು ನಿಯಮ ಮಾಡಿಕೊಂಡಿರೋ ಜಾಗ ಎಲ್ಲಾದರೂ ಇದೆಯಾ?

ನರಸಾಪುರದ ಹೈದ

ಅಣ್ಣ, ನಿಮ್ಮ ಕಾಳಜಿ ಒಪ್ತೀನಿ, ಆದರೆ ಮೊದಲು ಒಂದು ಮಾತು. ಬೆಂಗಳೂರಲ್ಲಿ ಕೂತು ‘ಕೊಳಚೆ ನೀರು, ಕೊಳಚೆ ನೀರು’ ಅಂತ ಬರೆಯೋರು ನಮ್ಮ ಊರನ್ನ 2016-17ರಲ್ಲಿ ನೋಡಬೇಕಿತ್ತು. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆಸಿದರೂ ಬರೀ ದೂಳು ಬರ್ತಿತ್ತು. ಒಡವೆ ಅಡ ಇಟ್ಟು ಪಾಯಿಂಟ್ ನೋಡಿಸಿ ಕೊರೆಸಿದ ಬೋರ್ ಫೇಲ್ ಆದ ಮನೆ ನಮ್ಮ ಬೀದಿಯಲ್ಲೇ ಎಷ್ಟೋ ಇವೆ. ಹಸುಗಳಿಗೆ ಟ್ಯಾಂಕರ್ ನೀರು ಕುಡಿಸಿ ಡೇರಿಗೆ ಹಾಲು ಹಾಕಿದ್ದೀವಿ. ಹಾಲಿನ ದುಡ್ಡು ಟ್ಯಾಂಕರ್‌ಗೇ ಹೋಗ್ತಿತ್ತು.

ಈಗ ಬೋರ್‌ನಲ್ಲಿ ಎರಡು ಇಂಚು ನೀರು ಸಲೀಸಾಗಿ ಬರುತ್ತೆ. ಬೆಂಗಳೂರಿಗೆ ಕೂಲಿಗೆ ಹೋಗಿದ್ದ ಹುಡುಗರು ಕೆಲವರು ವಾಪಸ್ ಬಂದು ಟೊಮೆಟೊ, ಕ್ಯಾಪ್ಸಿಕಂ ಹಾಕಿದ್ದಾರೆ. ಈ ಯೋಜನೆಯನ್ನ ನಿಲ್ಲಿಸಿ ಅನ್ನೋ ಮಾತನ್ನ ಇಲ್ಲಿ ಯಾರೂ ಆಡಬೇಡಿ. ಸರಿ ಮಾಡಿ ಅನ್ನಿ, ನಾನೂ ಜೊತೆಗೆ ಬರ್ತೀನಿ.

ವೇಮಗಲ್ ಬಯಲು

ನಿಲ್ಲಿಸಿ ಅಂತ ನಾನೂ ಹೇಳಲ್ಲಪ್ಪ. ಉಳಿಸಿಕೊಳ್ಳೋದು ಹೇಗೆ ಅಂತಲೇ ಕೇಳ್ತಿರೋದು.

ನೀರು ತಂತ್ರ

ನಾನು ಚರಂಡಿ ನೀರು ಶುದ್ಧೀಕರಣದ ಕ್ಷೇತ್ರದಲ್ಲಿ ಕೆಲಸ ಮಾಡುವವನು, ಹುಟ್ಟೂರು ಬಂಗಾರಪೇಟೆ ಕಡೆ. ಗುಣಮಟ್ಟದ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ‘ಶುದ್ಧ ನೀರು’ ಎನ್ನುವವರೂ ‘ವಿಷದ ನೀರು’ ಎನ್ನುವವರೂ ಈ ವಿವರ ಬಿಟ್ಟೇ ಜಗಳವಾಡುತ್ತಾರೆ.

ಶುದ್ಧೀಕರಣದಲ್ಲಿ ಮೂರು ಹಂತಗಳಿವೆ. ಮೊದಲ ಹಂತದಲ್ಲಿ ಕಸ, ಮರಳು, ಕೆಳಗೆ ಕೂರುವ ಗಷ್ಟು ತೆಗೆಯುತ್ತಾರೆ. ಎರಡನೆಯದರಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ, ನೀರಿನಲ್ಲಿ ಕರಗಿದ ಸಾವಯವ ಕೊಳೆಯನ್ನು ಅವು ತಿಂದುಹಾಕುತ್ತವೆ. ಇಷ್ಟಾದರೆ ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆ, ವಾಸನೆ ಬಹುಪಾಲು ಹೋಗುತ್ತದೆ. ಮೂರನೆಯ ಹಂತ ಅಂದರೆ ಸೂಕ್ಷ್ಮ ಸೋಸುವಿಕೆ, ರೋಗಾಣು ನಾಶ, ಉಳಿದ ಸಾರಜನಕ ಮತ್ತು ರಂಜಕವನ್ನು ತೆಗೆಯುವುದು. ಕೆ.ಸಿ. ವ್ಯಾಲಿ ಯೋಜನೆ ರೂಪುಗೊಂಡಿದ್ದು ಎರಡನೆಯ ಹಂತದ ನೀರಿನ ಮೇಲೆ.

ಉಳಿದುಹೋಗುವ ಸಾರಜನಕ, ರಂಜಕ ಕೆರೆಯಲ್ಲಿ ಗೊಬ್ಬರದ ಕೆಲಸ ಮಾಡುತ್ತವೆ. ಅದಕ್ಕೇ ಅಂತರಗಂಗೆ ಕಳೆ, ಹಸಿರು ಪಾಚಿ. ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕೂ ಇಳಿಯಬಲ್ಲದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಹಸುಗೂಸುಗಳಿಗೆ ಅದು ನಿಜಕ್ಕೂ ಅಪಾಯ. ಇನ್ನು ಭಾರಲೋಹದ ವಿಷಯ. ಮನೆಗಳ ಕೊಳಚೆಯಲ್ಲಿ ಅದು ಕಡಿಮೆ. ಸಣ್ಣ ಸಣ್ಣ ಕಾರ್ಖಾನೆಗಳ ನೀರು ಕದ್ದು ಅದೇ ಚರಂಡಿಗೆ ಸೇರಿದರೆ ಬರುತ್ತದೆ, ಮತ್ತು ಎರಡನೆಯ ಹಂತದ ಘಟಕವನ್ನು ಲೋಹ ತೆಗೆಯಲೆಂದು ಕಟ್ಟಿರುವುದಿಲ್ಲ. ಹಾಗಾಗಿ ಲೋಹದ ಪ್ರಶ್ನೆಗೆ ಉತ್ತರ ಕೋಲಾರದಲ್ಲಿಲ್ಲ, ಬೆಂಗಳೂರಿನ ಚರಂಡಿಗೆ ಏನು ಬೀಳುತ್ತಿದೆ ಎನ್ನುವುದರಲ್ಲಿದೆ. ಕೆರೆಗೆ ಬರುವ ನೀರನ್ನು ಒಮ್ಮೆ ಪರೀಕ್ಷಿಸಿ ‘ಸುರಕ್ಷಿತ’ ಎಂದು ಮುದ್ರೆ ಒತ್ತಿದರೆ ಸಾಲದು. ಇಂದು ಇಲ್ಲದ ಲೋಹ ನಾಳೆ ರಾತ್ರಿ ಬರಬಹುದು.

ಇಸ್ರೇಲಿನ ಉದಾಹರಣೆಯನ್ನು ನಮ್ಮ ಸಭೆಗಳಲ್ಲಿ ಬಹಳ ಕೊಡುತ್ತಾರೆ. ಅಲ್ಲಿ ಕೊಳಚೆ ನೀರಿನ ಸುಮಾರು 90 ಶೇಕಡಾ ಮರುಬಳಕೆ ಆಗುತ್ತದೆ, ಬಹುಪಾಲು ಬೇಸಾಯಕ್ಕೇ. ಟೆಲ್ ಅವೀವ್ ಪ್ರದೇಶದ ನೀರನ್ನು ಅವರು ಎರಡನೆಯ ಹಂತದ ನಂತರ ಮರಳು ದಿಬ್ಬಗಳಲ್ಲಿ ಇಂಗಿಸಿ, ಮತ್ತೆ ಎತ್ತಿ ಹೊಲಕ್ಕೆ ಕಳಿಸುತ್ತಾರೆ. ಮರಳೇ ಅಲ್ಲಿ ಶೋಧಕ. ನಮ್ಮದು ಗ್ರಾನೈಟ್ ನೆಲ. ಮೇಲಿನ ಒಂದಷ್ಟು ಅಡಿ ಕೊಳೆತ ಕಲ್ಲು, ಅದರ ಕೆಳಗೆ ಬಿರುಕುಗಳು. ಮಣ್ಣಿನ ಪದರ ದಪ್ಪ ಇದ್ದಲ್ಲಿ ಸೋಸುವಿಕೆ ಚೆನ್ನಾಗಿ ಆಗುತ್ತದೆ, ಬಿರುಕು ಸಿಕ್ಕಲ್ಲಿ ನೀರು ನೇರ ಇಳಿಯುತ್ತದೆ. ಆದ್ದರಿಂದ ಇಸ್ರೇಲಿನ ಹೆಸರು ಹೇಳುವವರು ಅಲ್ಲಿನ ಪರೀಕ್ಷೆಯ ಶಿಸ್ತನ್ನೂ ತರಬೇಕು. ಬರೀ ಪೈಪು ತಂದರೆ ಆಗಲಿಲ್ಲ.

ರೇಷ್ಮೆಮನೆ

ನೀರು ತಂತ್ರ ಅವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ವಂದನೆ. ಇದನ್ನ ನಮ್ಮ ಸಂಘದ ಹೆಣ್ಣುಮಕ್ಕಳಿಗೆ ಓದಿ ಹೇಳ್ತೀನಿ.

ನಮ್ಮದು ಹಿಪ್ಪುನೇರಳೆ ತೋಟ. ಸೊಪ್ಪಿಗೆ ಈ ನೀರಿಂದ ತೊಂದರೆ ಕಾಣಲಿಲ್ಲ, ಬೆಳವಣಿಗೆ ಜೋರಾಗೇ ಇದೆ. ನನ್ನ ಚಿಂತೆ ಕುಡಿಯೋ ನೀರಿಂದು. ಪಂಚಾಯಿತಿ ಬೋರ್ ಕೆರೆ ಅಂಗಳದ ಹತ್ತಿರವೇ ಇದೆ. ಮೊದಲು ಫ್ಲೋರೈಡ್ ಅಂತ ಹೆದರಿಸ್ತಿದ್ದರು. ಮಕ್ಕಳ ಹಲ್ಲು ಕಂದಾಗಿರೋದನ್ನ ನಮ್ಮ ಜಿಲ್ಲೆಯಲ್ಲಿ ಯಾರಿಗೂ ತೋರಿಸಿ ಹೇಳಬೇಕಾಗಿಲ್ಲ. ಆಳದ ನೀರು ಎತ್ತಿ ಎತ್ತಿ ಫ್ಲೋರೈಡ್ ಜಾಸ್ತಿ ಆಯ್ತು ಅಂದರು. ಈಗ ಮೇಲಿನ ನೀರು ಬಂದಿದೆ, ಫ್ಲೋರೈಡ್ ಇಳಿದಿದೆಯಾ, ನೈಟ್ರೇಟ್ ಏರಿದೆಯಾ? ನಮಗೆ ಹೇಳೋರಿಲ್ಲ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರೋ ಶಕ್ತಿ ಇರೋರು ತರ್ತಾರೆ. ಕೂಲಿ ಮನೆಯವರು, ಒಬ್ಬೊಬ್ಬರೇ ಇರೋ ಮುದುಕರು ನಲ್ಲಿ ನೀರೇ ಕುಡೀತಾರೆ.

ಪರೀಕ್ಷೆ ಮಾಡ್ತಾರೆ ಅಂತ ಕೇಳಿದ್ದೀನಿ. ಮಾಡಿದ ಮೇಲೆ ಆ ಕಾಗದ ಪಂಚಾಯಿತಿ ಗೋಡೆ ಮೇಲೆ ಕನ್ನಡದಲ್ಲಿ ಅಂಟಿಸೋಕೆ ಏನು ಕಷ್ಟ? ಗ್ರಾಮಸಭೆಯಲ್ಲಿ ನಾನು ಕೇಳೋ ಮೊದಲನೇ ವಿಷಯ ಇದೇ.

ಶ್ರೀನಿವಾಸಪುರ ಮಾವು

ನೀವೆಲ್ಲ ನೀರು ಬಂದೋರು, ಗುಣಮಟ್ಟದ ಮಾತಾಡ್ತಿದ್ದೀರಿ. ನಮ್ಮ ಕಡೆ ಎಷ್ಟೋ ಹಳ್ಳಿಗಳಿಗೆ ಇನ್ನೂ ಹನಿ ಬಂದಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹೋದರೆ ತಾನೆ ಕೆಳಗಿನ ಕೆರೆಗೆ ಹರಿಯೋದು? ಮೇಲಿನ ಕೆರೆ ಸುತ್ತ ನೂರಾರು ಮೋಟಾರ್ ರಾತ್ರಿ ಹಗಲು ಓಡಿದರೆ ಅದು ಕೋಡಿ ಹೋಗೋದು ಯಾವಾಗ? ನರಸಾಪುರದ ತಮ್ಮ, ಬೇಜಾರಾಗಬೇಡ, ನಿನ್ನ ಎರಡು ಇಂಚು ನೀರಲ್ಲಿ ನಮ್ಮ ಪಾಲೂ ಇದೆ.

ಇನ್ನೊಂದು, ನೆಲದ ನೀರು ಹೀರೋ ನೀಲಗಿರಿ ತೋಪುಗಳ ಮಾತು ಯಾರೂ ಎತ್ತಲಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧ ಮಾಡಿತು. ಹಳೇ ತೋಪು ಕಡಿದ ಮೇಲೂ ಬುಡ ಚಿಗುರುತ್ತೆ, ಅದನ್ನ ಕಿತ್ತು ಹಾಕಿಸೋಕೆ ದುಡ್ಡು ಬೇಕು. ಕಿತ್ತವರಿಗೆ ಮಾವಿನ ಸಸಿ, ಹುಣಸೆ, ಹೊಂಗೆ ಕೊಟ್ಟು ಮೂರು ವರ್ಷ ಕೈ ಹಿಡಿದರೆ ರೈತ ತಾನಾಗೇ ಬದಲಾಗ್ತಾನೆ.

ನರಸಾಪುರದ ಹೈದ

ಬೇಜಾರಿಲ್ಲಣ್ಣ. ಆದರೆ ನಾನು ಒಬ್ಬ ಮೋಟಾರ್ ಆರಿಸಿದರೆ ಪಕ್ಕದವನು ಎತ್ತುತ್ತಾನೆ, ನಿಮಗೆ ಆಗಲೂ ಬರಲ್ಲ. ಎಲ್ಲರಿಗೂ ಒಂದೇ ನಿಯಮ ಆದರೆ ಮಾತ್ರ ನನಗೂ ಒಪ್ಪಿಗೆ.

ಟಿಎಂಸಿ ಲೆಕ್ಕ

ಅಂಕಿಗಳನ್ನು ಒಮ್ಮೆ ಒಟ್ಟಿಗೆ ಇಟ್ಟು ನೋಡೋಣ. ದಿನಕ್ಕೆ 440 ದಶಲಕ್ಷ ಲೀಟರ್ ಪೂರ್ತಿ ಬಂದರೆ ವರ್ಷಕ್ಕೆ ಸುಮಾರು 5.7 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ವರ್ಷದ ಮಳೆ 700 ಮಿಲಿಮೀಟರ್ ಎಂದು ಹಿಡಿದರೂ ನಮ್ಮ ನೆಲದ ಮೇಲೆ ಬೀಳುವ ನೀರು ಹತ್ತಿರ ಹತ್ತಿರ 100 ಟಿಎಂಸಿ. ಅದರಲ್ಲಿ ಬಹುಪಾಲು ಆವಿಯಾಗುತ್ತದೆ, ಬೆಳೆ ಮತ್ತು ಗಿಡಮರ ಕುಡಿಯುತ್ತವೆ, ನಿಜ. ಆದರೂ ಅದರಲ್ಲಿ ನೂರಕ್ಕೆ ಐದಾರು ಪಾಲು ಹೆಚ್ಚಿಗೆ ಹಿಡಿದು ಇಂಗಿಸಿದರೆ ಇಡೀ ಕೆ.ಸಿ. ವ್ಯಾಲಿಯಷ್ಟು ನೀರು ಸಿಕ್ಕಿತು, ಅದೂ ಯಾವ ಚರಂಡಿಯನ್ನೂ ದಾಟದ ನೀರು.

ನಮ್ಮ ಹಿರಿಯರು ಪಾಲಾರ್, ಪಿನಾಕಿನಿ ಕಣಿವೆಗಳಲ್ಲಿ ಸಾವಿರಾರು ಕೆರೆಗಳನ್ನು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿ ಕಟ್ಟಿದ್ದು ಇದೇ ಲೆಕ್ಕದ ಮೇಲೆ. ಈಗ ಕೆರೆ ಅಂಗಳ ಉಳಿದಿರಬಹುದು, ಅದಕ್ಕೆ ನೀರು ತರುವ ಪೋಷಕ ಕಾಲುವೆಗಳು ಎಲ್ಲಿ? ಒಂದು ಕಡೆ ಲೇಔಟ್, ಒಂದು ಕಡೆ ರಸ್ತೆ, ಇನ್ನೊಂದು ಕಡೆ ಒತ್ತುವರಿ. ಪೈಪಿನಲ್ಲಿ ನೀರು ಬಂತು ಎಂದು ರಾಜಕಾಲುವೆಯನ್ನು ಮರೆತರೆ ದೊಡ್ಡ ನಷ್ಟ. ಬೆಂಗಳೂರಿನ ವಿದ್ಯುತ್, ಪಂಪು, ರಾಜಕೀಯ ಎಲ್ಲ ಸರಿ ಇದ್ದರೆ ಮಾತ್ರ ಪೈಪಿನಲ್ಲಿ ನೀರು.

ನೆಲದಲ್ಲಿರುವುದನ್ನು ಎತ್ತುವ ಲೆಕ್ಕವೂ ಮುಖ್ಯ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ನಮ್ಮ ತಾಲೂಕುಗಳು ವರ್ಷವರ್ಷವೂ ‘ಅತಿಬಳಕೆ’ ಪಟ್ಟಿಯಲ್ಲಿವೆ. ಅಂದರೆ ಒಂದು ವರ್ಷದಲ್ಲಿ ಇಂಗಿದ್ದಕ್ಕಿಂತ ಹೆಚ್ಚು ಎತ್ತುತ್ತಿದ್ದೇವೆ. ಒಳಗೆ ಬರುವುದನ್ನು ಹೆಚ್ಚಿಸಿ, ಹೊರಗೆ ಹೋಗುವುದಕ್ಕೆ ಮಿತಿ ಹಾಕದಿದ್ದರೆ ಆ ಪಟ್ಟಿಯಿಂದ ಹೊರಬರುವ ದಾರಿಯೇ ಇಲ್ಲ.

ಮಳೆ ಡೈರಿ

ಲೆಕ್ಕದವರ ಮಾತಿಗೆ ಒಂದು ಸೇರಿಸ್ತೀನಿ. 2021ರ ನವೆಂಬರ್‌ನಲ್ಲಿ, ಮತ್ತೆ 2022ರಲ್ಲಿ ಸುರಿದ ಮಳೆಗೆ ದಶಕಗಳಿಂದ ಕೋಡಿ ಕಾಣದ ಕೆರೆಗಳು ಕೋಡಿ ಹೋದವು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಬೇಕಾಯ್ತು. ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲದು ಅನ್ನೋದು ಭೌತಶಾಸ್ತ್ರ. ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತೆ, ಮಧ್ಯೆ ದೀರ್ಘ ಒಣಗು.

ಹದವಾದ ಜಡಿಮಳೆ ನಿಧಾನಕ್ಕೆ ಇಂಗುತ್ತೆ. ಎರಡು ಗಂಟೆಯಲ್ಲಿ ಸುರಿಯೋ ಮಳೆ ಮೇಲ್ಮಣ್ಣು ಎತ್ತಿಕೊಂಡು ಓಡುತ್ತೆ. ಅದನ್ನ ಹಿಡಿದು ನಿಲ್ಲಿಸೋಕೆ ಕೆರೆಯಲ್ಲಿ ಜಾಗ ಬೇಕು. ಇಲ್ಲೇ ನನ್ನ ಪ್ರಶ್ನೆ: ವರ್ಷಪೂರ್ತಿ ಪೈಪಿನ ನೀರಿಂದ ತುಂಬಿ ತುಳುಕ್ತಿರೋ ಕೆರೆಗೆ ಅಂಥ ಮಳೆ ಬಿದ್ದರೆ ಏರಿ ತಡೆಯುತ್ತಾ? ಮುಂಗಾರು ಹಿಂಗಾರಿನ ತಿಂಗಳುಗಳಲ್ಲಿ ಪಂಪಿಂಗ್ ಕಡಿಮೆ ಮಾಡಿ ಕೆರೆಯಲ್ಲಿ ಸ್ವಲ್ಪ ಜಾಗ ಬಿಡಬೇಕು. ಏರಿ, ಕೋಡಿ, ತೂಬು ಪರೀಕ್ಷೆ ಮಾಡಿಸೋದನ್ನೂ ಗ್ರಾಮಸಭೆಯ ಪಟ್ಟಿಗೆ ಸೇರಿಸಿ.

ಅಚ್ಚುಕಟ್ಟು ತಾತ

ಮೊಮ್ಮಗಳ ಕೈಲಿ ಟೈಪ್ ಮಾಡಿಸ್ತಿದ್ದೀನಿ. ವೇಮಗಲ್ಲಿನವರು ಊರೇ ನಿಯಮ ಮಾಡಿಕೊಂಡ ಜಾಗ ಎಲ್ಲಿದೆ ಅಂತ ಕೇಳಿದ್ದೀರಿ. ಬೇರೆ ಊರಿಗೆ ಹೋಗೋದು ಬೇಡ, ನಿಮ್ಮೂರಲ್ಲೇ ಇತ್ತು.

ನಮ್ಮ ಕಾಲದಲ್ಲಿ ತೂಬು ಎತ್ತೋ ಹಕ್ಕು ಕೆರೆ ನೀರು ಹಂಚೋ ನೀರುಗಂಟಿಗೆ ಬಿಟ್ಟು ಬೇರೆಯವರಿಗೆ ಇರಲಿಲ್ಲ. ಜಮೀನು ಎಷ್ಟೇ ದೊಡ್ಡದಿರಲಿ, ಪಟೇಲರ ಗದ್ದೆಗೂ ಸರದಿ ಬಂದಾಗಲೇ ನೀರು. ಕೆರೆ ಅರ್ಧ ತುಂಬಿದ ವರ್ಷ ಊರವರು ದೇವಸ್ಥಾನದ ಮುಂದೆ ಕೂತು ದಾಮಾಷಾ ಮಾಡೋರು. ಅಂದರೆ ಇರೋ ನೀರಿಗೆ ಎಷ್ಟು ಗದ್ದೆ ಆಗುತ್ತೆ ಅಂತ ಅಂದಾಜು ಮಾಡಿ, ತೂಬಿನ ಹತ್ತಿರದ ಅಷ್ಟು ಗದ್ದೆ ಮಾತ್ರ ನಾಟಿ ಮಾಡೋದು, ಆ ಗದ್ದೆಯಲ್ಲಿ ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಜಮೀನಿನ ಪ್ರಮಾಣಕ್ಕೆ ತಕ್ಕ ಪಾಲು. ಬಾಲದ ಗದ್ದೆಯವನೂ ಉಪವಾಸ ಬೀಳ್ತಿರಲಿಲ್ಲ. ಕೆರೆ ಬರಿದಾದ ವರ್ಷ ನಾಟಿಯೇ ಇಲ್ಲ, ರಾಗಿ, ಹುರುಳಿ. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹೊಡೆಯೋರು.

ಆ ಕಾಲದಲ್ಲಿ ಎಲ್ಲ ನ್ಯಾಯವಾಗಿತ್ತು ಅಂತ ನಾನು ಹೇಳಲ್ಲ. ನೀರುಗಂಟಿಗಳು ಯಾವ ಜಾತಿಯವರು, ಅವರಿಗೆ ಎಷ್ಟು ಕಾಳು ಸಿಗ್ತಿತ್ತು, ಗದ್ದೆ ಇಲ್ಲದೋರಿಗೆ ಏನು ಸಿಗ್ತಿತ್ತು ಅಂತ ಕೇಳಿದರೆ ತಲೆ ತಗ್ಗಿಸಬೇಕು. ಆದರೆ ನೀರು ಎಲ್ಲರದು, ಅಳತೆ ನೋಡಿ ಬೆಳೆ ಇಡಬೇಕು ಅನ್ನೋ ತಿಳಿವಳಿಕೆ ಇತ್ತು. ಬೋರ್ ಬಂದ ಮೇಲೆ ಅವನವನ ಜಮೀನಿನ ಕೆಳಗಿನ ನೀರು ಅವನದು ಅಂತ ಆಯ್ತು. ಅಲ್ಲಿಂದ ನಮ್ಮ ಕೆರೆಗಳಿಗೆ ಯಜಮಾನ ಇಲ್ಲದಂಗಾಯ್ತು.

ರೇಷ್ಮೆಮನೆ

ತಾತ, ನಮಸ್ಕಾರ. ಈಗ ಹೊಸ ದಾಮಾಷಾ ಮಾಡೋದಾದರೆ ಭೂಮಿ ಇಲ್ಲದ ಮನೆಗಳಿಗೂ ಪಾಲು ಇರಬೇಕು ಅಂತ ನಾನು ಹೇಳ್ತೀನಿ. ಕೆರೆಯ ಮೀನು ಹಕ್ಕು, ದನಕರುವಿನ ನೀರು, ಏರಿ ಮೇಲಿನ ಹುಲ್ಲು. ಇದರಲ್ಲಿ ಅವರಿಗೆ ಮೊದಲ ಹಕ್ಕು ಕೊಡಬಹುದು.

ಕಾನೂನು ಕಟ್ಟೆ

ಕಾಯ್ದೆಗಳು ಇಲ್ಲ ಅಂತಲ್ಲ. ಅಂತರ್ಜಲದ ನಿಯಂತ್ರಣಕ್ಕೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಹೊಸ ಬೋರ್ ಕೊರೆಸುವಂತಿಲ್ಲ, ಇರುವ ಬೋರ್ ನೋಂದಣಿ ಆಗಬೇಕು. ಕೆರೆಗಳಿಗೆ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇದೆ. ಲಾರಿ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಕೊರೆದು ಹೋದರೆ ತಡೆಯುವವರು ಯಾರು ಎನ್ನುವುದೇ ಪ್ರಶ್ನೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಅದಕ್ಕೆ ಮೀಟರಿನ ಲೆಕ್ಕವೂ ಸರಿಯಾಗಿಲ್ಲ. ಎಷ್ಟು ನೀರು ಎತ್ತಿದರು ಎನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಉಚಿತ ವಿದ್ಯುತ್ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ, ಸಣ್ಣ ರೈತನ ಬದುಕು ಅದರ ಮೇಲೆ ನಿಂತಿದೆ. ಆದರೆ ಅಳತೆ ಬೇಕು. ಉಳಿಸಿದ ಯೂನಿಟ್ಟಿಗೆ ರೈತನ ಖಾತೆಗೆ ಹಣ ಹಾಕುವ ಪ್ರಯತ್ನ ಪಂಜಾಬಿನಲ್ಲಿ ನಡೆದಿದೆ. ಅಂಥದ್ದನ್ನು ಒಂದು ಹೋಬಳಿಯಲ್ಲಿ ಪ್ರಯೋಗ ಮಾಡಿ ನೋಡಬಹುದು.

ಊರೇ ನಿಯಮ ಮಾಡಿಕೊಂಡ ಉದಾಹರಣೆಗೆ ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವ್ರೆ ಬಜಾರ್ ನೋಡಿ. ಪೋಪಟ್‌ರಾವ್ ಪವಾರ್ ಸರಪಂಚರಾಗಿದ್ದಾಗ ಗ್ರಾಮಸಭೆಯೇ ನೀರಾವರಿಗೆ ಕೊಳವೆಬಾವಿ ಬೇಡ, ಕಬ್ಬಿನಂಥ ನೀರು ಕುಡಿಯುವ ಬೆಳೆ ಬೇಡ ಎಂದು ತೀರ್ಮಾನಿಸಿತು. ಪ್ರತಿ ವರ್ಷ ಮಳೆ ಮತ್ತು ಬಾವಿಯ ಮಟ್ಟ ಅಳೆದು, ನೀರಿನ ಬಜೆಟ್ ಮಾಡಿ, ಯಾವ ಬೆಳೆ ಎಂದು ನಿರ್ಧರಿಸುತ್ತಾರೆ. ಅದು ಮಳೆ ಕಡಿಮೆ ಇರುವ ಊರು, ಪೈಪಿನ ನೀರಿಲ್ಲ. ನಮ್ಮಲ್ಲೂ 2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲಿ ಪಂಚಾಯಿತಿ ಮಟ್ಟದಲ್ಲಿ ‘ಜಲ ಭದ್ರತಾ ಯೋಜನೆ’ ಬರೆಸುವ ಕೆಲಸ ನಡೆದಿದೆ. ನಿಮ್ಮ ಪಂಚಾಯಿತಿಯಲ್ಲಿ ಅದು ಬರೆದಿದ್ದಾರಾ ಎಂದು ವಿಚಾರಿಸಿ. ಬರೆದಿದ್ದರೆ ಪ್ರತಿ ತೆಗೆದುಕೊಂಡು ಸಭೆಯಲ್ಲಿ ಓದಿಸಿ.

ನರಸಾಪುರದ ಹೈದ

ಬೆಳೆ ಬದಲಿಸಿ ಅಂತ ಎಲ್ಲರೂ ಹೇಳ್ತಾರೆ. ಟೊಮೆಟೊ ಮಾರ್ಕೆಟ್‌ಗೆ ಹೋದರೆ ಸಂಜೆಗೆ ಕೈಗೆ ದುಡ್ಡು. ರೇಟು ಬಿದ್ದರೆ ರಸ್ತೆಗೆ ಸುರಿಯೋದು, ಎದ್ದರೆ ಮಗಳ ಮದುವೆ. ರಾಗಿಗೆ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು. ಆದರೆ ಖರೀದಿ ಕೇಂದ್ರದಲ್ಲಿ ನೋಂದಣಿ, ಚೀಲ, ಸಾಲು, ದುಡ್ಡು ಬರೋಕೆ ಕಾಯೋದು. ಒಂದೂವರೆ ಎಕರೆ ಇರೋನು ಎಷ್ಟು ದಿನ ಕಾಯಬೇಕು? ಬೆಳೆ ಬದಲಿಸೋದಕ್ಕೆ ಮುಂಚೆ ಖರೀದಿ ಬದಲಿಸಿ. ಟೊಮೆಟೊ ಬೇಡ ಅನ್ನೋ ಬದಲು ಡ್ರಿಪ್ ಮೇಲೆ, ಮಲ್ಚಿಂಗ್ (ನೆಲಕ್ಕೆ ಹೊದಿಕೆ) ಹಾಕಿ ಬೆಳೆಯೋರಿಗೆ ರಿಯಾಯಿತಿ ಕೊಡಿ. ಕಾಲುವೆ ಕಟ್ಟಿ ಹರಿಬಿಡೋರಿಗೆ ಮಿತಿ ಹಾಕಿ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಟಿಎಂಸಿ ಲೆಕ್ಕ

ಇದು ನ್ಯಾಯವಾದ ಮಾತು. ಆದರೆ ಡ್ರಿಪ್ ಬಗ್ಗೆ ಎಚ್ಚರಿಕೆ: ಡ್ರಿಪ್ ಹಾಕಿ ಉಳಿದ ನೀರಲ್ಲಿ ಇನ್ನೊಂದು ಎಕರೆ ಹೊಸದಾಗಿ ನೀರಾವರಿ ಮಾಡಿದರೆ ಅಂತರ್ಜಲಕ್ಕೆ ಏನೂ ಉಳಿಯಲ್ಲ. ರಿಯಾಯಿತಿ ಕೊಡುವಾಗಲೇ ನೀರಾವರಿ ಎಕರೆಗೂ ಮಿತಿ ಇರಲಿ.

ನೇತ್ರಾವತಿ ದಡ

ನಾನು ಬಂಟ್ವಾಳದ ಕಡೆಯವ. ಈ ಚರ್ಚೆ ಓದಿ ಬರೆಯದೆ ಇರಲಾಗಲಿಲ್ಲ. ಕೋಲಾರಕ್ಕೆ ನೀರು ಬೇಡ ಎಂದು ಕರಾವಳಿಯ ಯಾರೂ ಹೇಳುವುದಿಲ್ಲ ಮಾರಾಯ್ರೆ. ನಮ್ಮ ನೇತ್ರಾವತಿಗೆ ಸೇರುವ ಘಟ್ಟದ ಹೊಳೆಗಳ ನೀರನ್ನು ನಿಮ್ಮ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆಯ 24 ಟಿಎಂಸಿಯಲ್ಲಿ ಸುಮಾರು 14 ಕುಡಿಯಲಿಕ್ಕೆ, 10 ಕೆರೆ ತುಂಬಿಸಲಿಕ್ಕೆ ಎಂಬುದು ಕಾಗದದ ಮೇಲಿನ ಲೆಕ್ಕ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತದ ನೀರೆತ್ತುವ ಕೆಲಸ ಉದ್ಘಾಟನೆಯೂ ಆಯಿತು. ಅದಕ್ಕಾಗಿ ಘಟ್ಟದ ಕಾಡಿನಲ್ಲಿ ಆದ ಅಗೆತ, ಪೈಪಿನ ದಾರಿ ನಾವು ನೋಡಿದ್ದೇವೆ. ಬೇಸಿಗೆಯಲ್ಲಿ ನೇತ್ರಾವತಿ ನಮ್ಮಲ್ಲೂ ಸೊರಗುತ್ತದೆ, ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ ನೀರಿನ ರೇಷನ್ ಆದ ವರ್ಷಗಳಿವೆ.

ಇಲ್ಲಿ ನೀವು ಮಾತಾಡುತ್ತಿರುವ ಹಾಗೆ ಮೊದಲು ನಿಮ್ಮ ಕೆರೆಗೆ, ಬೋರಿಗೆ ಲೆಕ್ಕ ಇಡಿ. ಆಗ ಕುಡಿಯುವ ನೀರಿಗೆಂದು ನೀವು ಕೈ ಚಾಚಿದರೆ ನಮ್ಮ ಊರಿನಲ್ಲೂ ನಿಮ್ಮ ಪರ ಮಾತಾಡುವವರು ಇರುತ್ತಾರೆ. ಘಟ್ಟ ಅಗೆದು ತಂದ ನೀರು ಟೊಮೆಟೊ ರೇಟಿನ ಜೊತೆ ಏರಿಳಿಯುವುದಾದರೆ ನಮಗೆ ಸಹಿಸಲಿಕ್ಕೆ ಆಗುವುದಿಲ್ಲ.

ಶ್ರೀನಿವಾಸಪುರ ಮಾವು

ನೀವು ಹೇಳಿದ್ದು ಕಹಿ, ಆದರೆ ಸರಿ. ಒಂದೇ ತಿದ್ದುಪಡಿ: ನಮ್ಮ ಹಳ್ಳಿಗಳಲ್ಲಿ ಬಹಳ ಜನ ನೀರು ಬೇಕು ಅನ್ನೋದು ಟೊಮೆಟೊಗಲ್ಲ, ಕುಡಿಯೋಕೆ. ಅದನ್ನ ಮರೀಬೇಡಿ.

ಚೆನ್ನೈಲಿರೋ ಕೆಜಿಎಫ್‌ನವ

ಕೈಗಾರಿಕೆಯ ಮಾತು ಬರಲಿಲ್ಲ, ಅದಕ್ಕೆ ಬರೀತಿದ್ದೀನಿ. ಚೆನ್ನೈನಲ್ಲಿ 2019ರಲ್ಲಿ ಕೊಡುಂಗೈಯೂರು, ಕೊಯಂಬೇಡು ಎರಡೂ ಕಡೆ ದಿನಕ್ಕೆ 45 ದಶಲಕ್ಷ ಲೀಟರ್ ಸಾಮರ್ಥ್ಯದ ಘಟಕ ಶುರುವಾದವು. ಕೊಳಚೆ ನೀರನ್ನ ಮೂರನೇ ಹಂತ ದಾಟಿಸಿ, ರಿವರ್ಸ್ ಆಸ್ಮೋಸಿಸ್ ಮಾಡಿ ಕಾರ್ಖಾನೆಗಳಿಗೆ ಮಾರ್ತಾರೆ. ಕಾರ್ಖಾನೆ ದುಡ್ಡು ಕೊಡುತ್ತೆ, ಆ ದುಡ್ಡಲ್ಲಿ ಘಟಕ ನಡೆಯುತ್ತೆ, ಅಷ್ಟು ಸಿಹಿನೀರು ಜನಕ್ಕೆ ಉಳಿಯುತ್ತೆ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಗೆ ಅದೇ ರೀತಿ ಮಾಡಿ, ಅವರ ಬೋರ್‌ಗಳನ್ನ ಮುಚ್ಚಿಸಬಹುದು. ಮೂರನೇ ಹಂತದ ಖರ್ಚನ್ನ ಕೈಗಾರಿಕೆಯ ಹೆಗಲಿಗೆ ಹಾಕಿದರೆ ರೈತನ ಕೆರೆಗೂ ಒಳ್ಳೇ ನೀರು ಬರುತ್ತೆ.

ವೇಮಗಲ್ ಬಯಲು

ಎಲ್ಲರ ಮಾತಿಂದ ನನ್ನ ಅರ್ಜಿ ಒಂದು ರೂಪಕ್ಕೆ ಬಂದಿದೆ. ಕೆರೆಗೆ ಬರೋ ನೀರು, ಕೆರೆ ನೀರು, ಕುಡಿಯೋ ಬೋರ್ ನೀರು, ಮೂರರ ಪರೀಕ್ಷಾ ವರದಿ ತಿಂಗಳಿಗೊಮ್ಮೆ ಕನ್ನಡದಲ್ಲಿ ಗೋಡೆ ಮೇಲೆ. ಮೂರನೇ ಹಂತದ ಶುದ್ಧೀಕರಣಕ್ಕೆ ಗ್ರಾಮಸಭೆಯ ಠರಾವು. ಬೋರ್‌ಗಳ ನೋಂದಣಿ ಪಟ್ಟಿ ಬಹಿರಂಗ. ಅಚ್ಚುಕಟ್ಟಿನಲ್ಲಿ ಹೊಸ ಬೋರ್‌ಗೆ ಎರಡು ವರ್ಷ ತಡೆ, ಆ ಎರಡು ವರ್ಷ ನೀರಿನ ಮಟ್ಟ ಅಳೆದು ಬೆಳೆ ನಿಯಮ. ಪೋಷಕ ಕಾಲುವೆಯ ಸರ್ವೆ. ಭೂಮಿ ಇಲ್ಲದವರಿಗೆ ಮೀನು ಮತ್ತು ಮೇವಿನ ಹಕ್ಕು. ಏರಿ, ತೂಬು ಪರೀಕ್ಷೆ.

ಸರ್ಕಾರದ ವರದಿ ಬರೋತನಕ ಕಾಯದೆ ನಾವೇ ಒಂದು ಸಲ ಪರೀಕ್ಷೆ ಮಾಡಿಸೋಣ ಅಂತಿದ್ದೀವಿ. ನೀರು ತಂತ್ರ ಸರ್, ಮಾದರಿ ತಗೊಳ್ಳೋದು ಹೇಗೆ ಹೇಳ್ತೀರಾ?

ನೀರು ತಂತ್ರ

ಖಂಡಿತ. ಬೋರ್ ನೀರಾದರೆ ಮೋಟಾರ್ ಹಾಕಿ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಎರಡು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ತಂಪು ಪಾನೀಯದ ಬಾಟಲಿ ಬೇಡ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಒಳಭಾಗ ಮುಟ್ಟಬಾರದು, ಮಂಜುಗಡ್ಡೆ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ಭಾರಲೋಹಕ್ಕೆ ಬೇರೆ ಬಾಟಲಿ, ಅದಕ್ಕೆ ಆಮ್ಲ ಹಾಕಿ ಕೊಡುತ್ತಾರೆ, ಮೊದಲೇ ಕೇಳಿ. ಪಂಚಾಯಿತಿಯಲ್ಲಿರುವ ಕ್ಷೇತ್ರ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್ ಅಂದಾಜು ತಿಳಿಯುತ್ತದೆ, ಲೋಹಗಳನ್ನು ನಂಬಿ ಹೇಳಲು ಪ್ರಯೋಗಾಲಯವೇ ಬೇಕು.

ಪ್ರತಿ ಬಾಟಲಿ ಮೇಲೆ ಜಾಗ, ದಿನಾಂಕ, ಗಂಟೆ, ಬೋರ್ ಆಳ, ಕೆರೆಯಿಂದ ದೂರ ಬರೆಯಿರಿ. ಕೆರೆಗೆ ಹತ್ತಿರದ ಒಂದು ಬೋರ್, ದೂರದ ಒಂದು, ಕೆ.ಸಿ. ವ್ಯಾಲಿ ನೀರು ಬಾರದ ಪಕ್ಕದೂರಿನ ಒಂದು, ಹೀಗೆ ತೆಗೆದರೆ ಹೋಲಿಕೆಗೆ ಆಧಾರ ಸಿಗುತ್ತದೆ. ನೀರಿನ ಮಟ್ಟವನ್ನು ಬೆಳಗ್ಗೆ ಮೋಟಾರ್ ಹಾಕುವ ಮುಂಚೆ ಅಳೆಯಿರಿ, ಪ್ರತಿ ಸಲ ಅದೇ ಬೋರ್, ಅದೇ ಹೊತ್ತು.

ಶ್ರೀನಿವಾಸಪುರ ಮಾವು

ನೀರು ಬಾರದ ಊರಿನ ಬಾಟಲಿ ನಮ್ಮೂರಿಂದ ನಾನು ತರ್ತೀನಿ. ದಿನ ಹೇಳಿ.